ಸೀರೆ ನೋಡುವ ಫ್ಲ್ಯಾಶು

ಪುಟ್ಟರಾಜುವಿನ ಹಳೆಯ ಫ್ಲ್ಯಾಶು ಪ್ರಾಣ ಬಿಟ್ಟದ್ದು ಒಂದು ನಾಮಕರಣದ ಮನೆಯಲ್ಲಿ, ಸೋದರತ್ತೆ ಮಗುವಿನ ಕಿವಿಯಲ್ಲಿ ಹೆಸರು ಹೇಳಲು ಬಗ್ಗಿದ ಹೊತ್ತಿಗೆ ಸರಿಯಾಗಿ. ಒಮ್ಮೆ ಗುಂಯ್ ಎಂದು ನರಳಿ, ಸುಟ್ಟ ವಾಸನೆ ಬಿಟ್ಟು ಸುಮ್ಮನಾಯಿತು. ಮನೆಗೆ ಬಂದವನು ಅದನ್ನು ಮೇಜಿನ ಮೇಲಿಟ್ಟು ಮುಂದೆಯೇ ಕೂತುಬಿಟ್ಟ.

"ಊಟಕ್ಕೆ ಏಳ್ರೀ. ಅದಕ್ಕೂ ತಿಥಿ ಮಾಡ್ಬೇಕಾ?" ಎಂದಳು ಹೆಂಡತಿ ಮಂಜುಳಾ.

ಅವಳು ಹಾಗೆ ಅಂದಳೇ ಹೊರತು ನಷ್ಟ ಅವಳದ್ದೂ ಹೌದು. ಅರಸೀಕೆರೆ ಸ್ಟೇಷನ್ ರಸ್ತೆಯ ಆ ಸಣ್ಣ ಸ್ಟುಡಿಯೋ ಇಬ್ಬರದ್ದೂ. ಪರದೆ ಎಳೆಯುವುದು, ಗಿರಾಕಿಗಳ ಕಾಲರು ನೆಟ್ಟಗೆ ಮಾಡುವುದು, ಅಳುವ ಮಗುವಿನ ಮುಂದೆ ಗಿಲಕಿ ಆಡಿಸುವುದು ಅವಳ ಪಾಲು. ಕ್ಯಾಮೆರಾ ಇವನ ಪಾಲು. ಆ ಹಳೆಯ ಫ್ಲ್ಯಾಶಿಗೆ ಇದ್ದದ್ದು ಒಂದೇ ಬುದ್ಧಿ. ಒತ್ತಿದರೆ ಒಳಗಿದ್ದ ಬೆಳಕನ್ನೆಲ್ಲ ಒಂದೇ ಸಲಕ್ಕೆ ಸುರಿದು, ಮತ್ತೆ ತುಂಬಿಕೊಳ್ಳಲು ಲಾರಿ ಘಾಟಿ ಹತ್ತಿದಂತೆ ಗುಂಯ್‌ಗುಡುತ್ತಿತ್ತು. ಎದುರಿಗಿದ್ದವರು ಹತ್ತಿರವೋ ದೂರವೋ ಅದಕ್ಕೆ ಬೇಕಿರಲಿಲ್ಲ. ದೂರ ನೋಡಿ ಲೆನ್ಸಿನ ಕಣ್ಣನ್ನು ಹಿರಿದೋ ಕಿರಿದೋ ಮಾಡುವುದು ಪುಟ್ಟರಾಜುವಿನ ಕೆಲಸ. ಲೆನ್ಸಿನ ಬಳೆಯ ಮೇಲೆ ಒಂದೊಂದು ಗೆರೆಗೆ ಒಂದೊಂದು ಅಂಕೆ, ಅಂಕೆ ದೊಡ್ಡದಾದಷ್ಟೂ ಕಣ್ಣು ಕಿರಿದು. ಗಂಡು ಹೆಣ್ಣು ಇಬ್ಬರೇ ನಿಂತರೆ ಹನ್ನೊಂದು, ನೆಂಟರೆಲ್ಲ ಸೇರಿದರೆ ಎಂಟು. ನಮ್ಮ ಕಡೆಯ ಎಣ್ಣೆಗಪ್ಪು ಮುಖಗಳಾದರೆ ಅದರ ಮೇಲೆ ಅರ್ಧ ಗೆರೆ ಹೆಚ್ಚಿಗೆ ತೆರೆದರಾಯಿತು. ಇಷ್ಟರಲ್ಲೇ ಅವನ ಬದುಕು ನಡೆದಿತ್ತು.

ಈಗ ಎದುರಿಗಿದ್ದದ್ದು ಮನೆಯದೇ ಮದುವೆ. ಅಕ್ಕ ರುದ್ರಮ್ಮನ ಮಗಳು ಧನುಶ್ರೀಗೆ ಅರೇಹಳ್ಳಿಯ ಶಾಲೆಯಲ್ಲಿ ಮೇಷ್ಟರಾಗಿದ್ದ ಸಂತು ಎಂಬ ಹುಡುಗ ಗೊತ್ತಾಗಿದ್ದ. ಬೇಲೂರಿನ ಸಮುದಾಯ ಭವನದಲ್ಲಿ ಮದುವೆ. ಫೋಟೋ ತೆಗೆಯುವುದು ಯಾರು ಎಂದು ಯಾರೂ ಕೇಳಲಿಲ್ಲ. ಆದರೆ ರುದ್ರಮ್ಮ ಸ್ಟುಡಿಯೋ ಬಾಗಿಲಿಗೆ ಬಂದು ನಿಂತು ಒಂದು ಮಾತು ಹೇಳಿ ಹೋಗಿದ್ದಳು.

"ನೋಡು ಪುಟ್ಟ, ಈ ಮದ್ವೇಲಾದ್ರೂ ನನ್ನ ಮುಖ ಬರ್ಬೇಕು. ಮಗಳ ಪಕ್ಕ ನಿಂತಿರೋಳು ಅವಳ ಅವ್ವ ಅಂತ ನಾಳೆ ಹುಟ್ಟೋ ಮೊಮ್ಮಕ್ಳಿಗೆ ಗೊತ್ತಾಗ್ಬೇಕು. ಇನ್ನೇನೂ ಕೇಳಾಕಿಲ್ಲ ನಿನ್ನ."

ಈ ಮಾತಿನ ಹಿಂದೆ ಒಂದು ಫೋಟೋ ಇತ್ತು. ರುದ್ರಮ್ಮನ ಮನೆಯ ನಡುಮನೆಯಲ್ಲಿ, ಬುದ್ಧನ ಪಟ ಮತ್ತು ಬಾಬಾಸಾಹೇಬರ ಪಟದ ಕೆಳಗೆ, ಅವಳ ಮದುವೆಯ ಫೋಟೋ ತೂಗುತ್ತದೆ. ಯಾವ ಪುಣ್ಯಾತ್ಮ ತೆಗೆದನೋ. ಭಾವ ಜವರಪ್ಪನ ಬಿಳಿ ಶರಟು, ಬಿಳಿ ಪಂಚೆ ಹಾಲಿನಂತೆ ಬಂದಿವೆ. ಪಕ್ಕದಲ್ಲಿ ಕೂತವಳ ಮುಖ ಇರಬೇಕಾದಲ್ಲಿ ಬಾಣಲೆ ತಳದಂಥ ಒಂದು ಕಪ್ಪು, ಅದರೊಳಗೆ ಎರಡು ಕಣ್ಣಿನ ಬಿಳುಪು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿ ನಿವೃತ್ತನಾದ ಜವರಪ್ಪ ಬಂದವರಿಗೆಲ್ಲ ಅದನ್ನು ತೋರಿಸಿ, "ನಾನು ಯಾರ್ನ ಮದ್ವೆ ಆದೆ ಅನ್ನಾಕೆ ಸಾಕ್ಷೀನೇ ಇಲ್ಲ ಕಣಪ್ಪಾ" ಎಂದು ನಗುತ್ತಿದ್ದ. ಆಮೇಲೆ ಹೆಂಗಸರ ಸಂಘದ ಕಾರ್ಡಿಗೆಂದು ತೆಗೆಸಿದ್ದೂ ಹಾಗೇ ಆಯಿತು. "ಇದೇನಮ್ಮ, ಹಿಂದ್ಗಡೆಯಿಂದ ತೆಗೆದಿದ್ದಾ?" ಎಂದು ಯಾರೋ ಕೇಳಿದ ದಿನದಿಂದ ರುದ್ರಮ್ಮ ಕ್ಯಾಮೆರಾ ಕಂಡರೆ ಒಲೆಯ ಕಡೆ ಹೋಗಿಬಿಡುತ್ತಿದ್ದಳು. ತಮ್ಮನೇ ಸ್ಟುಡಿಯೋಗೆ ಕರೆದರೂ, "ಬಂದು ಮುಖ ತೋರ್ಸಾಕೆ ನನ್ನೇನು ಹೆಣ್ಣು ನೋಡಾಕೆ ಬಂದವ್ರಾ?" ಎನ್ನುತ್ತಿದ್ದಳು. ಅಂಥವಳು ತಾನಾಗಿ ಬಂದು ಕೇಳಿದ್ದಳು. ಪುಟ್ಟರಾಜು ಹೂಂ ಅಂದಿದ್ದ.

ಹೂಂ ಅಂದ ವಾರದೊಳಗೇ ಫ್ಲ್ಯಾಶು ಸತ್ತಿತ್ತು.

ಹೊಸದನ್ನು ತಂದವನು ರುದ್ರಮ್ಮನ ಮಗ ಭೀಮರಾಜ್, ಬೇಲೂರಿನ ಖಜಾನೆ ಕಚೇರಿಯಲ್ಲಿ ಗುಮಾಸ್ತ. ಬೆಂಗಳೂರಿಗೆ ಕಚೇರಿ ಕೆಲಸಕ್ಕೆ ಹೋದವನು ಮಾವನಿಗೆಂದು ಅಲ್ಲಿಂದ ಹೊತ್ತು ತಂದ. ತಲೆಯನ್ನು ಆಚೆ ಈಚೆ ಮೇಲೆ ತಿರುಗಿಸಬಹುದಾದ ಗಟ್ಟಿ ಯಂತ್ರ. ಹಿಂಬದಿಯಲ್ಲಿ ಸರಿದಾಡುವ ಒಂದು ಗುಂಡಿ. ಒಂದು ಕಡೆ 'ಎಂ'. ಅದರ ಪಕ್ಕ ಒಂದು ಕೆಂಪು ಚುಕ್ಕೆ, ಒಂದು ನೀಲಿ ಚುಕ್ಕೆ. ಕೊನೆಯಲ್ಲಿ 'ಟಿಟಿಎಲ್' ಎಂಬ ಮೂರು ಅಕ್ಷರ.

"ಇದ್ಯಾಕೋ ಇಷ್ಟೊಂದು?" ಎಂದ ಪುಟ್ಟರಾಜು. "ಬೆಳಕು ಬಿಡಾಕೆ ಒಂದು ದಾರಿ ಸಾಲ್ದಾ?"

ಭೀಮರಾಜ್ ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಕ ಬಿಚ್ಚಿದ. "ಎಂ ಅಂದ್ರೆ ನಿಮ್ಮ ಹಳೇದರ ಥರ ಮಾವ, ಇರೋದೆಲ್ಲ ಒಂದೇ ಸಲ ಖಾಲಿ. ಚುಕ್ಕೆ ಅಂದ್ರೆ ಆಟೋ. ಮುಂದ್ಗಡೆ ಸಣ್ಣ ಕಣ್ಣಿದೆ ನೋಡಿ, ಎದುರಿಗಿರೋದರ ಮೇಲೆ ಬಿದ್ದು ವಾಪಸ್ ಬಂದ ಬೆಳಕನ್ನ ಅದೇ ನೋಡ್ಕೊಂಡು, ಸಾಕು ಅನ್ನಿಸಿದಾಗ ನಿಲ್ಲಿಸುತ್ತೆ. ಟಿಟಿಎಲ್ ಅಂದ್ರೆ ಸಾಕು ಅಂತ ಕ್ಯಾಮೆರಾನೇ ಹೇಳುತ್ತಂತೆ. ಅದಕ್ಕೆ ಹೊಸ ಕ್ಯಾಮೆರಾ ಬೇಕು, ನಿಮ್ಮದಕ್ಕೆ ಆಗಲ್ಲ."

"ಆಗದೇ ಇರೋದ್ನ ಯಾಕೆ ಇಟ್ಟವ್ರೆ?"

"ಬೇರೆಯವರಿಗೆ ಮಾವ."

"ಈ ಕೆಂಪು, ನೀಲಿ?"

ಭೀಮರಾಜ್ ಪುಸ್ತಕವನ್ನು ಹಿಂದಕ್ಕೆ ತಿರುವಿದ, ಮುಂದಕ್ಕೆ ತಿರುವಿದ. "ಕೆಂಪಿಗೆ ಲೆನ್ಸು ಎಂಟಕ್ಕೆ ಇಡಬೇಕಂತೆ, ನೀಲಿಗೆ ನಾಲ್ಕಕ್ಕೆ. ಯಾಕೆ ಅಂತ ನನಗೂ ಸರಿಯಾಗಿ ಅರ್ಥ ಆಗ್ಲಿಲ್ಲ."

ಪುಟ್ಟರಾಜುವಿಗೆ ಅವನ ಆ ಕೊನೆಯ ಮಾತು ಹಿಡಿಸಿತು. ಅರ್ಥವಾಗಿಲ್ಲ ಎಂದು ಹೇಳುವವರ ಜೊತೆ ಕೆಲಸ ಮಾಡಬಹುದು. ತೆಗೆದು ನೋಡೋಣ ಎಂದು ತೀರ್ಮಾನವಾಯಿತು. ಎಲ್ಲಿ? ಹಗಲಲ್ಲೂ ಮಬ್ಬಿರುವ ಜಾಗ ಬೇಕು. ಅರಸೀಕೆರೆಗೂ ಬೇಲೂರಿಗೂ ನಡುವೆ ಇಬ್ಬರಿಗೂ ಅನುಕೂಲವಾಗಿ ಹಳೇಬೀಡು ಇತ್ತು. ದೇವಸ್ಥಾನದ ಒಳಗಿಗಿಂತ ಮಬ್ಬು ಬೇಕೆ?

ಭಾನುವಾರ ಗಂಡ ಹೆಂಡತಿ ಜಾವಗಲ್ ಮೇಲೆ ಬಸ್ಸಿನಲ್ಲಿ ಹೋದರು. ಭೀಮರಾಜ್ ಬೇಲೂರಿನಿಂದ ಬಂದು ಸೇರಿಕೊಂಡ. ಒಳಗಿನ ಕಂಬಗಳು ಕಡೆದು ತೀಡಿದ ಕಲ್ಲು, ಮುಟ್ಟಿದರೆ ತಣ್ಣಗೆ, ನೋಡಿದರೆ ಕಪ್ಪಗೆ. ಮಂಜುಳಾ ಕಡುಗೆಂಪು ಸೀರೆಯಲ್ಲಿ ಒಂದು ಕಂಬಕ್ಕೆ ಒರಗಿ ನಿಂತಳು. ಯಾವ ಫೋಟೋ ಯಾವ ಗುಂಡಿಯದ್ದು ಎಂದು ಆಮೇಲೆ ತಿಳಿಯಬೇಕಲ್ಲ, ಅದಕ್ಕೆ ಅವಳೇ ಒಂದು ಉಪಾಯ ಹೂಡಿದಳು. ಬಲಗೈಯಲ್ಲಿ ಒಂದು ಬೆರಳಾದರೆ ಎಂ, ಎರಡಾದರೆ ಕೆಂಪು, ಮೂರಾದರೆ ನೀಲಿ, ನಾಲ್ಕಾದರೆ ಟಿಟಿಎಲ್. ಲೆನ್ಸನ್ನು ಪುಸ್ತಕ ಹೇಳಿದ್ದಕ್ಕಿಂತ ಎಷ್ಟು ಗೆರೆ ಕಿರಿದು ಮಾಡಿದನೋ ಅಷ್ಟು ಬೆರಳು ಎಡಗೈಯಲ್ಲಿ. ಕೈ ಎರಡನ್ನೂ ಎದೆಯ ಮಟ್ಟಕ್ಕೆ ಎತ್ತಿ, ಬೆರಳು ಮಡಿಸಿ ಬಿಚ್ಚಿ, ನಗದೆ ಅಳದೆ ನಿಂತವಳನ್ನು ಕಂಡು ಪ್ರವಾಸಿಗಳ ಗುಂಪೊಂದು ಗೋಡೆಯ ಶಿಲ್ಪ ಬಿಟ್ಟು ಇವಳ ಕಡೆ ತಿರುಗಿತು.

"ಏನಮ್ಮಾ, ಭರತನಾಟ್ಯವಾ?" ಎಂದ ಅವರ ಜೊತೆಗಿದ್ದ ಗೈಡು.

"ಹೂಂ ಕಣಪ್ಪ, ಇಲ್ಲಿ ಒಂದು ಕಂಬ ಖಾಲಿ ಐತಂತೆ, ಅದಕ್ಕೆ ನಿಂತು ನೋಡ್ತಾ ಇವ್ನಿ" ಎಂದಳು ಮಂಜುಳಾ, ಬೆರಳು ಕದಲಿಸದೆ.

ಪ್ರತಿ ಸಲ ಬೆಳಕು ಹಾರಿದ ಮೇಲೂ ಹೊಸ ಫ್ಲ್ಯಾಶು ಹಳೆಯದರಂತೆಯೇ ಗುಂಯ್‌ಗುಟ್ಟಿ ಘಾಟಿ ಹತ್ತಿತು. ಪುಟ್ಟರಾಜುವಿಗೆ ಆ ಸದ್ದು ಕೇಳಿ ಸಮಾಧಾನವಾಯಿತು. ಜಾತಿ ಒಂದೇ, ಅಂದುಕೊಂಡ.

ಫೋಟೋ ತೊಳೆದುಕೊಡುವ ಮರುಳಪ್ಪನ ಲ್ಯಾಬಿನಿಂದ ಪ್ರಿಂಟು ಬಂದ ಸಂಜೆ ಸ್ಟುಡಿಯೋದಲ್ಲಿ ಮೂವರೂ ತಲೆ ಕೆಡಿಸಿಕೊಂಡರು. ಬಲಗೈಯಲ್ಲಿ ಎರಡು ಬೆರಳು, ಎಡಗೈ ಮಡಿಸಿದ್ದ ಫೋಟೋದಲ್ಲಿ ಮಂಜುಳಾಳ ಮುಖ ಸುಣ್ಣ ಬಳಿದ ಗೋಡೆ. ಮೂರು ಬೆರಳಿನದ್ದೂ ಸುಣ್ಣವೇ. ಒಂದು ಬೆರಳಿನದ್ದು ಚೆನ್ನಾಗಿತ್ತು, ಅದು ಪುಟ್ಟರಾಜುವಿನ ಕೈ ಪಳಗಿದ ಲೆಕ್ಕ. ನಾಲ್ಕು ಬೆರಳಿನದ್ದು ಒಂದು ಚೆನ್ನಾಗಿ, ಒಂದು ಸುಣ್ಣವಾಗಿ, ಹೇಗೆಂದರೆ ಹಾಗೆ.

"ಈ ಐದು ಬೆರಳು ಯಾವ್ದೇ?"

"ಅದು ಸೊಳ್ಳೆ ಕಣ್ರೀ, ಹೊಡೀತಿದ್ದೆ."

ಪುಟ್ಟರಾಜು ನೆಗೆಟಿವ್ ಎತ್ತಿ ದೀಪಕ್ಕೆ ಹಿಡಿದ. ಸುಣ್ಣದ ಮುಖ ಅಲ್ಲಿ ಇದ್ದಿಲಿನಂತೆ ಕಪ್ಪಗಿತ್ತು.

"ಅಯ್ಯೋ, ಇದ್ರಾಗೆ ಕಪ್ಪು, ಅದ್ರಾಗೆ ಬಿಳಿ. ಯಾವ್ದು ದಿಟ?" ಎಂದಳು ಮಂಜುಳಾ.

"ನೆಗೆಟಿವಲ್ಲಿ ಕಪ್ಪಾದ್ರೆ ಬೆಳಕು ಹೆಚ್ಚಾಯ್ತು ಅಂತ ಅರ್ಥ ಕಣೇ. ಈ ಆಟೋ ಅನ್ನೋದು ಕೈ ಬಿಗಿ ಇಲ್ಲದ್ದು. ಸುರಿದೇ ಸುರೀತದೆ."

ಕೆಂಪು ಚುಕ್ಕೆಯಲ್ಲೇ ಎಡಗೈಯ ಎರಡು ಬೆರಳು ಎತ್ತಿದ ಫೋಟೋ ಮಾತ್ರ ಎಲ್ಲದಕ್ಕಿಂತ ಸೊಗಸಾಗಿತ್ತು. ಮುಖದ ಬಣ್ಣ ಮುಖದ್ದೇ, ಸೀರೆಯ ಬಣ್ಣ ಸೀರೆಯದ್ದೇ. ಪುಸ್ತಕ ಎಂಟು ಅಂದಲ್ಲಿ ಹನ್ನೊಂದನ್ನೂ ದಾಟಿಸಿ ಹದಿನಾರಕ್ಕೆ ಇಟ್ಟು ತೆಗೆದದ್ದು.

"ಸಿಕ್ತಲ್ಲ ಮಾವ!" ಎಂದ ಭೀಮರಾಜ್. "ಕೆಂಪು ಚುಕ್ಕೆ, ಎರಡು ಗೆರೆ ಕಮ್ಮಿ. ಮದುವೇಲಿ ಇದನ್ನೇ ಇಡಿ."

"ಎಂ ಇದ್ರೆ ನಂಗೆ ಗೊತ್ತಿರೋ ದಾರಿ ಕಣೋ."

"ಪ್ರತಿ ಸಲ ಪೂರ್ತಿ ಖಾಲಿ ಆಗಿ ತುಂಬೋತನಕ ಕಾಯ್ತೀರಾ? ಹಾರ ಹಾಕೋರು ಕೈ ಎತ್ತಿ ಹಿಡಿದು ನಿಂತಿರ್ತಾರಾ? ನಾಮಕರಣದ ಮನೆಯಲ್ಲಿ ಏನಾಯ್ತು ಹೇಳಿ."

ನಾಮಕರಣದ ಮಾತು ಎತ್ತಿದ ಮೇಲೆ ಪುಟ್ಟರಾಜು ಒಪ್ಪಿಕೊಂಡ. ಕಣ್ಣಿಗೆ ಕಂಡದ್ದು ಸುಳ್ಳಾಗುತ್ತದೆಯೇ? ಕೆಂಪು ಚುಕ್ಕೆ, ಎರಡು ಗೆರೆ ಕಮ್ಮಿ. ನಿದ್ದೆಯಲ್ಲೂ ಅದನ್ನೇ ಹೇಳಿಕೊಂಡ.

ಮದುವೆಯ ದಿನ ಬೇಲೂರಿನ ಭವನಕ್ಕೆ ಹೊಸದಾಗಿ ಸುಣ್ಣ ಹೊಡೆದಿದ್ದರು. ವೇದಿಕೆಯ ಹಿಂದೆ ಬಿಳಿ ಬಟ್ಟೆಯ ಪರದೆ, ಅದರ ಮುಂದೆ ಬುದ್ಧನ ಮೂರ್ತಿ, ಬಾಬಾಸಾಹೇಬರ ಪಟ, ಸಾಲಾಗಿ ಮೇಣದ ಬತ್ತಿ. ಧನುಶ್ರೀ ಬಿಳಿ ಸೀರೆ, ಸಂತು ಬಿಳಿ ಜುಬ್ಬಾ. ಅವರ ಪದ್ಧತಿಯೇ ಅದು. ಜವರಪ್ಪನ ಮನೆ ಬುದ್ಧನ ಕಡೆ ತಿರುಗಿ ಬಹಳ ವರ್ಷವಾಗಿತ್ತು. ರುದ್ರಮ್ಮ ಮಾಲೇಕಲ್ಲಿನ ಬೆಟ್ಟದ ದೇವರಿಗೆ ಕೈ ಮುಗಿಯುವುದನ್ನು ಬಿಟ್ಟಿರಲಿಲ್ಲವಾದರೂ ಮಗಳ ಮದುವೆಗೆ ನೀಲಿ ಅಂಚಿನ ಬಿಳಿ ಸೀರೆಯನ್ನೇ ಉಟ್ಟಿದ್ದಳು. ತಲೆಗೆ ಎಣ್ಣೆ ಹಚ್ಚಿ ಬಿಗಿದು ಬಾಚಿದ್ದಳು. ತಮ್ಮನ ಮುಂದೆ ಬಂದು, "ಒಸಿ ಪೌಡರ್ ಹಾಕ್ಕಳ್ಳಾ ಪುಟ್ಟ?" ಎಂದು ಕೇಳಿದಳು.

"ಬ್ಯಾಡ ಕಣಕ್ಕ. ನೀನು ಇದ್ದಂಗೇ ಬರ್ತೀಯ."

ಉಪಾಸಕರೊಬ್ಬರು ತ್ರಿಶರಣ, ಪಂಚಶೀಲ ಹೇಳಿಕೊಟ್ಟರು. ಬಂದವರೆಲ್ಲ ಎದ್ದು ನಿಂತು ಜೊತೆಗೆ ಹೇಳಿದರು. ಪುಟ್ಟರಾಜು ಒಂದೊಂದನ್ನೂ ಹಿಡಿದ. ಬತ್ತಿ ಹಚ್ಚುವುದು, ಹಾರ ಹಾಕುವುದು, ತಾಯಂದಿರು ಹೂವಿನ ಎಸಳು ತಲೆಗೆ ಹಾಕಿ ಹರಸುವುದು. ಫ್ಲ್ಯಾಶು ಎಷ್ಟು ಚುರುಕಾಗಿತ್ತೆಂದರೆ ಒತ್ತಿದ ಮರುಗಳಿಗೆಗೆ ಕುಂಯ್ ಎಂದು ಒಂದು ಸಣ್ಣ ಸದ್ದು, ಆಗಲೇ ಸಿದ್ಧ ಎನ್ನುವ ಕೆಂಪು ದೀಪ. ಘಾಟಿ ಇಲ್ಲ, ಏದುಸಿರಿಲ್ಲ. ಭೀಮರಾಜ್ ಪಕ್ಕದಲ್ಲಿ ನಿಂತು ತಾನೇ ಕಂಡುಹಿಡಿದದ್ದೇನೋ ಎಂಬಂತೆ ನಗುತ್ತಿದ್ದ. ರುದ್ರಮ್ಮ ಮಗಳ ಪಕ್ಕ ನಿಂತಳು, ಗಂಡನ ಪಕ್ಕ ನಿಂತಳು, ಬೀಗರ ಪಕ್ಕ ನಿಂತಳು. ಉಸಿರು ಬಿಗಿಹಿಡಿದು, ಗಲ್ಲ ಎತ್ತಿ, ಕ್ಯಾಮೆರಾದ ಕಣ್ಣನ್ನೇ ನೋಡುತ್ತ.

"ಆಯ್ತಾ?"

"ಆಯ್ತು ಕಣಕ್ಕ."

"ಹಂಗಾದ್ರೆ ನಾನು ಎಲೆ ಕಡೆ ನೋಡ್ತೀನಿ" ಎಂದು ಅವಳು ಸೆರಗು ಸಿಕ್ಕಿಸಿಕೊಂಡು ಊಟದ ಮನೆಗೆ ಹೋದಳು.

ಅಲ್ಲಿಗೆ ಮುಗಿಯಬೇಕಿತ್ತು. ಅಷ್ಟರಲ್ಲಿ ಜವರಪ್ಪ ಬಾಗಿಲಲ್ಲಿ ಅಡ್ಡ ನಿಂತ. ಬಿಳಿ ಶರಟಿನ ಮೇಲೆ ರೈಲ್ವೆಯ ಹಳೆಯ ಕಡುನೀಲಿ ಕೋಟು ಏರಿಸಿದ್ದ, ಹಿಂದೆ ಕಪ್ಪು ಬಣ್ಣದ ದೊಡ್ಡ ಕದ.

"ಏನ್ಲಾ ಭಾಮೈದ, ಕೋಟು ಹಾಕ್ಕಂಡು ಒಂದು ತೆಗಿಲಾ. ಸೀರೆ ಉಟ್ಟೋರ್ನ ಮಾತ್ರ ತೆಗೀತೀಯಾ?"

ಪುಟ್ಟರಾಜು ನಕ್ಕು ಒತ್ತಿದ. ಬೆಳಕು ಹಾರಿತು. ಆಮೇಲೆ ಫ್ಲ್ಯಾಶು ಗುಂಯ್... ಎಂದು ನರಳುತ್ತ ಘಾಟಿ ಹತ್ತತೊಡಗಿತು. ಕೆಂಪು ದೀಪ ಬರಲು ತಡವಾಯಿತು.

ಅವನು ಹಾಗೇ ನಿಂತ. ಬೆಳಗಿನಿಂದ ನರಳದೆ ಇದ್ದದ್ದು ಈಗ ಯಾಕೆ ನರಳಿತು? ಬ್ಯಾಟರಿ ಇಳಿಯಿತೇ? ವೇದಿಕೆಯ ಕಡೆ ತಿರುಗಿ, ಬಿಳಿ ಪರದೆಯ ಮುಂದೆ ಕೂತಿದ್ದ ಸಂತುವಿನ ಅಜ್ಜಿಯದ್ದೊಂದು ತೆಗೆದ. ಕುಂಯ್, ಸಿದ್ಧ. ಮತ್ತೆ ಭಾವನ ಕೋಟಿನ ಕಡೆ ತಿರುಗಿ ಒತ್ತಿದ. ಗುಂಯ್...

ಹಳೇಬೀಡಿನ ಕಪ್ಪು ಕಂಬದ ಮುಂದೆಯೂ ಹೀಗೇ ನರಳಿತ್ತು. ನರಳಿತೆಂದರೆ ಖರ್ಚಾಯಿತು ಎಂದು. ನರಳಲಿಲ್ಲ ಎಂದರೆ ಖರ್ಚಾಗಲಿಲ್ಲ. ಖರ್ಚೇ ಆಗದಿದ್ದರೆ ಬೆಳಗಿನಿಂದ ಕೊಟ್ಟದ್ದಾದರೂ ಏನು? ಅದರ ಮೇಲೆ ತಾನು ಎರಡು ಗೆರೆ ಬೇರೆ ಮುಚ್ಚಿಕೊಂಡಿದ್ದೇನೆ!

"ಭೀಮ, ಇದು ಸರಿ ಇಲ್ಲ ಕಣೋ."

"ಯಾಕೆ ಮಾವ? ಅದೇ ನೋಡ್ಕೊಳ್ಳುತ್ತೆ ಅಂತ ಪುಸ್ತಕದಲ್ಲೇ ಇದೆಯಲ್ಲ."

"ನೋಡ್ಕೊಳ್ತದೆ. ಯಾರ್ನ ನೋಡ್ಕೊಳ್ತದೆ? ಸೀರೆ ನೋಡ್ಕೊಳ್ತದೆ!"

ಭೀಮರಾಜ್‌ಗೆ ತಲೆಬುಡ ತಿಳಿಯಲಿಲ್ಲ. ಪುಟ್ಟರಾಜು ಅವನ ತೋಳು ಹಿಡಿದು ಊಟದ ಮನೆಯ ಬಾಗಿಲಿಗೆ ಎಳೆದುಕೊಂಡು ಹೋದ. ಪಂಕ್ತಿ ನಡೆದಿತ್ತು. ಸಾರಿನವನು ಬಕೆಟ್ ಹಿಡಿದು ಎಲೆಯಿಂದ ಎಲೆಗೆ ಓಡುತ್ತಿದ್ದ.

"ಅಲ್ನೋಡು. ಬಡಿಸೋನು ಒಬ್ಬ ಯಾರ್ನೂ ಕೇಳ್ದೆ ಎಲ್ಲರಿಗೂ ಒಂದೊಂದು ಸೌಟು ಹುಯ್ಕಂಡು ಹೋಗ್ತಾನೆ, ಅವ್ನು ಎಂ. ಇನ್ನೊಬ್ಬ ಎಲೆ ನೋಡಿ, ಇವ್ನಿಗೆ ಇಷ್ಟು ಸಾಕು ಅಂತ ತಾನೇ ತೀರ್ಮಾನ ಮಾಡ್ತಾನೆ, ಅವ್ನು ಆಟೋ. ಇನ್ನೊಬ್ಬ ಉಣ್ಣೋರು ಕೈ ಅಡ್ಡ ಹಿಡಿದು ಸಾಕು ಅನ್ನೋತನಕ ಹುಯ್ತಾನೆ."

"ಅದು ಟಿಟಿಎಲ್" ಎಂದ ಭೀಮರಾಜ್, ಕಣ್ಣರಳಿಸಿ.

"ಆ ಎಲೆ ನೋಡಿ ಬಡಿಸೋನು ದೂರದಿಂದ ಬೆಳ್ಳಗೆ ಅನ್ನ ಕಂಡ ತಕ್ಷಣ, ಓ, ಇವ್ರಿಗೆ ಬೇಕಾದಷ್ಟು ಐತೆ ಅಂದ್ಕಂಡು ಮುಂದಕ್ಕೆ ಹೋದ ಅಂತಿಟ್ಕೋ. ಸಾರು ಬಿದ್ದೈತಾ ಇಲ್ವಾ ಅಂತ ಬಗ್ಗಿ ನೋಡ್ಲಿಲ್ಲ. ಬಿಳಿ ಸೀರೆ, ಬಿಳಿ ಗೋಡೆ, ಬಿಳಿ ಪರದೆ. ಇದು ನಮ್ಮ ಮುಖದ ಹತ್ರಕ್ಕೆ ಬರೋಕೆ ಮುಂಚೇನೇ ನಿಲ್ಲಿಸ್ಬಿಟ್ಟದೆ. ಕಪ್ಪು ಕಂಬ ಕಂಡ್ರೆ, ಪಾಪ, ಏನೂ ಇಲ್ಲ ಅಂತ ಸುರೀತಿತ್ತು. ನಾವು ಕಲ್ಲಿನ ಮುಂದೆ ಪಾಠ ಕಲ್ತು ಬಟ್ಟೆ ಮುಂದೆ ಒಪ್ಪಿಸ್ತಾ ಇದ್ದೀವಿ."

"ಅಂದ್ರೆ... ಅವ್ವಂದು?"

ನಡುಮನೆಯ ಆ ಹಳೆಯ ಫೋಟೋ ಇಬ್ಬರ ಕಣ್ಣಿಗೂ ಕಟ್ಟಿತು. ಅವತ್ತು ತೆಗೆದವನೂ ಭಾವನ ಶರಟನ್ನೇ ನೋಡಿದ್ದ. ಇಷ್ಟು ವರ್ಷವಾದ ಮೇಲೆ ಬಂದ ಯಂತ್ರವೂ ಅದೇ ದಾರಿ ಹಿಡಿದಿತ್ತು.

ಫಿಲ್ಮ್ ಸುರುಳಿಯಲ್ಲಿ ಇನ್ನು ಉಳಿದಿದ್ದದ್ದು ಕೊಂಚ. ಬೇರೆ ಸುರುಳಿ ತಂದಿರಲಿಲ್ಲ, ಇಷ್ಟು ಸಾಕೆಂದು ತಾನೇ ಮಂಜುಳಾಳಿಗೆ ಹೇಳಿದ್ದ. ಗಂಡು ಹೆಣ್ಣನ್ನು ಮತ್ತೆ ವೇದಿಕೆಗೆ ಹತ್ತಿಸಿ, ಹಾರ ಮತ್ತೆ ಹಾಕಿಸಿ, ಗುಂಡಿಯನ್ನು ಎಂ ಕಡೆ ಸರಿಸಿ, ಹಳೆಯ ಲೆಕ್ಕದಲ್ಲಿ ತೆಗೆದ. ಬೀಗರ ಕಡೆಯವರು, "ಏನ್ರೀ, ಎರಡೆರಡು ಸಲ ಮದುವೆ ಮಾಡ್ತೀರಾ?" ಎಂದು ನಕ್ಕರು. ಪ್ರತಿ ಸಲವೂ ಗುಂಯ್ ಎಂದು ನರಳಿತು. ಆ ನರಳಿಕೆ ಅವನ ಕಿವಿಗೆ ಓಲಗದಂತೆ ಕೇಳಿತು. ಆಮೇಲೆ ಧನುಶ್ರೀಯನ್ನೇ ಕರೆದುಕೊಂಡು ಊಟದ ಮನೆಗೆ ಓಡಿದ.

ರುದ್ರಮ್ಮ ಪಾಯಸದ ತಪ್ಪಲೆಯ ಮುಂದೆ ನಿಂತು ಸೌಟು ಹಿಡಿದಿದ್ದಳು. ಮುಖದಲ್ಲಿ ಬೆವರು, ಕಿವಿಯ ಹತ್ತಿರ ಕೂದಲು ಬಿಚ್ಚಿತ್ತು.

"ಅಕ್ಕ, ಒಂದ್ನಿಮಿಷ ಬಾ, ಇನ್ನೊಂದು ತೆಗೀತೀನಿ."

"ಆಗ್ಲೇ ತೆಗೆದ್ಯಲ್ಲ?"

"ಕಣ್ಣು ಮುಚ್ಚಿಬಿಟ್ಟಿದ್ದೆ ನೀನು."

"ಸುಳ್ಳು ಹೇಳ್ಬ್ಯಾಡ. ನಾನು ರೆಪ್ಪೆ ಹೊಡೀಲೇ ಇಲ್ಲ, ಕಣ್ಣಾಗೆ ನೀರು ಬಂತು." ಅವಳು ತಮ್ಮನ ಮುಖವನ್ನು ನೋಡಿದಳು. ಎತ್ತಿ ಆಡಿಸಿದ ತಮ್ಮ. ಅವನ ಸುಳ್ಳು ಯಾವುದು, ಹೆದರಿಕೆ ಯಾವುದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. "ಬರ್ಲಿಲ್ವಾ?"

"ಗೊತ್ತಿಲ್ಲ ಕಣಕ್ಕ. ತೊಳ್ದು ನೋಡೋತನಕ ಗೊತ್ತಾಗಾಕಿಲ್ಲ. ಬಂದಿರಲಾರದು ಅಂತ ಭಯ."

ಬೈಯುತ್ತಾಳೆಂದು ಅವನು ಕಾದ. ಅವಳು ಸೌಟನ್ನು ತಪ್ಪಲೆಗೆ ಒರಗಿಸಿ, ಸೆರಗಿನ ತುದಿಯಿಂದ ಮುಖ ಒರೆಸಿಕೊಂಡು, "ಬಾರೇ" ಎಂದು ಮಗಳ ಕೈ ಹಿಡಿದು ಎಳೆದುಕೊಂಡಳು. "ಬಂದ್ರೆ ಬತ್ತದೆ, ಇಲ್ದಿದ್ರೆ ನಿಮ್ಮಪ್ಪಂಗೆ ನಗಾಕೆ ಇನ್ನೊಂದು ಸಿಕ್ತದೆ."

ಪುಟ್ಟರಾಜು ಹಿಂದಕ್ಕೆ ಹೆಜ್ಜೆ ಹಾಕಿ ದೂರ ಅಳೆದ. ಹನ್ನೊಂದು, ಅದರ ಮೇಲೆ ಅಕ್ಕನ ಮುಖಕ್ಕೆಂದು ಅರ್ಧ ಗೆರೆ ತೆರೆದ. ಅಷ್ಟರಲ್ಲಿ ಮಜ್ಜಿಗೆಯವನು ಹಿಂದಿನಿಂದ ಬಂದು "ಸೈಡು ಸೈಡು" ಎಂದು ಮೊಣಕೈಗೆ ತಾಗಿಸಿದ. ಕ್ಯಾಮೆರಾ ಅಲ್ಲಾಡಿತು, ಎಲ್ಲೋ ಕಿಟಕ್ ಎಂದಿತು. ನೋಡಲು ಪುರುಸೊತ್ತಿರಲಿಲ್ಲ. ಎದುರಿಗೆ ಧನುಶ್ರೀ ಅಮ್ಮನ ಬಿಚ್ಚಿದ ಕೂದಲನ್ನು ಕಿವಿಯ ಹಿಂದಕ್ಕೆ ಸೇರಿಸುತ್ತಿದ್ದಳು, ರುದ್ರಮ್ಮ "ಇರ್ಲಿ ಬಿಡೇ, ಪಾಯ್ಸ ಆರ್ತದೆ" ಎನ್ನುತ್ತಿದ್ದಳು. ಅವನು ಒತ್ತಿದ.

ಗುಂಯ್...

ಮತ್ತೊಂದಕ್ಕೆಂದು ಸುರುಳಿ ಸರಿಸುವ ಲಿವರು ಎಳೆದ. ಅದು ಅರ್ಧಕ್ಕೇ ನಿಂತಿತು. ಸುರುಳಿ ಮುಗಿದಿತ್ತು.

ಮರುಳಪ್ಪ ಪ್ರಿಂಟುಗಳನ್ನು ಕವರಿನಲ್ಲಿಟ್ಟು ಕೊಡುವಾಗ ಮುಖ ಹುಳ್ಳಗೆ ಮಾಡಿಕೊಂಡಿದ್ದ. "ಎಷ್ಟು ಎತ್ತೋಕಾಗುತ್ತೋ ಅಷ್ಟು ಎತ್ತಿದ್ದೀನಿ ಪುಟ್ಟರಾಜಣ್ಣ. ಮೊದಲನೇವು ನೆಗೆಟಿವಲ್ಲೇ ಏನಿಲ್ಲ, ಗಾಜು ಥರ ಇದೆ." ಹೌದು. ವೇದಿಕೆಯ ಮೇಲೆ ಸೀರೆ, ಜುಬ್ಬಾ, ಪರದೆ ಒಗೆದು ಒಣಹಾಕಿದಂತೆ ಬೂದಿ ಬೂದಿಯಾಗಿ ತೂಗುತ್ತಿದ್ದವು, ಮುಖಗಳು ಕೆಸರಿನಲ್ಲಿ ಮುಳುಗಿದ್ದವು. ಎರಡನೇ ಸಲದ ಹಾರ ಮಾತ್ರ ಚೆನ್ನಾಗಿತ್ತು. ಕೊನೆಯದನ್ನು ಪುಟ್ಟರಾಜು ಅಂಗಡಿಯಲ್ಲಿ ನೋಡಲಿಲ್ಲ. ಅಕ್ಕನ ಮನೆಯಲ್ಲೇ ನೋಡೋಣವೆಂದು ಕವರು ಮುಚ್ಚಿದ. ನಿಜ ಹೇಳಬೇಕೆಂದರೆ ಒಬ್ಬನೇ ನೋಡಲು ಧೈರ್ಯವಾಗಲಿಲ್ಲ.

ನಡುಮನೆಯಲ್ಲಿ ಎಲ್ಲರೂ ಕೂತರು. ಮಂಜುಳಾ ಕವರು ಕಸಿದುಕೊಂಡು ತಳದಿಂದ ಕೊನೆಯದನ್ನು ಎಳೆದಳು. ನೋಡಿ, ರುದ್ರಮ್ಮನ ಕೈಗಿಟ್ಟಳು.

ಮಗಳ ಕೈ ಅಮ್ಮನ ಕಿವಿಯ ಹತ್ತಿರ. ಅಮ್ಮನ ಬಾಯಿ ಮಾತಿನ ನಡುವೆ ಅರ್ಧ ತೆರೆದಿತ್ತು. ಕೆನ್ನೆಯ ಮೇಲೆ ಬೆವರು ಮಿಂಚಿತ್ತು. ಹಣೆಯ ಗೆರೆಗಳು, ಮೂಗಿನ ಪಕ್ಕದ ನರಹುಲಿ, ಚಿಕ್ಕಂದಿನಲ್ಲಿ ಒಲೆಯ ಕಿಡಿ ಹಾರಿ ಆದ ಹುಬ್ಬಿನ ಮೇಲಿನ ಕಲೆ, ಎಲ್ಲವೂ ಇದ್ದವು. ಬಣ್ಣ ರುದ್ರಮ್ಮನದ್ದೇ ಬಣ್ಣ, ಒಂದು ಚೂರು ಹೆಚ್ಚಿಲ್ಲ, ಕಡಿಮೆಯಿಲ್ಲ.

ಜವರಪ್ಪ ಬಗ್ಗಿ ನೋಡಿದ. "ಓಹೋ! ಇವಳ್ನಾ ನಾನು ಮದ್ವೆ ಆಗಿದ್ದು? ಮೊದ್ಲೇ ತೋರ್ಸಿದ್ರೆ..."

"ತೋರ್ಸಿದ್ರೆ ಏನ್ ಮಾಡ್ತಿದ್ದೆ? ಬಾಯ್ಮುಚ್ಕಂಡಿರು" ಎಂದಳು ರುದ್ರಮ್ಮ. ಆದರೆ ಕಣ್ಣು ಫೋಟೋದಿಂದ ಎತ್ತಲಿಲ್ಲ. ಬಹಳ ಹೊತ್ತು ನೋಡಿದಳು. ಗೋಡೆಯ ಮೇಲಿನ ಮಸಿಯ ಮುಖವನ್ನು ನೋಡಿ, ಮತ್ತೆ ಕೈಯಲ್ಲಿದ್ದದ್ದನ್ನು ನೋಡಿದಳು. "ಇಷ್ಟು ವಯಸ್ಸಾಗೋಯ್ತೇನೋ ಪುಟ್ಟ ನಂಗೆ?"

ಗೋಡೆಯ ಮೇಲೆ ಮುಖವಿರಲಿಲ್ಲವಾದ್ದರಿಂದ ಅವಳು ಇಷ್ಟು ವರ್ಷ ಅಲ್ಲಿ ತನಗೆ ಬೇಕಾದ ಮುಖವನ್ನು ಇಟ್ಟುಕೊಂಡಿದ್ದಳೋ ಏನೋ. ಪುಟ್ಟರಾಜುವಿಗೆ ತಾನು ಮಾಡಿದ್ದು ಉಪಕಾರವೋ ಅಪಕಾರವೋ ತಿಳಿಯದಾಯಿತು.

"ನಮ್ಮವ್ವಂಗೂ ಹಿಂಗೇ ಹಣೆ ಗೆರೆ ಇದ್ವು" ಎಂದಳು ರುದ್ರಮ್ಮ ಕೊನೆಗೆ, ಅರ್ಧ ತನಗೇ. ಆಮೇಲೆ ಫೋಟೋವನ್ನು ಸೆರಗಿನಲ್ಲಿ ಒರೆಸಿ, "ಇರ್ಲಿ. ನಾನೇ ತಾನೆ. ಇದ್ನ ದೊಡ್ಡದು ಮಾಡ್ಸು."

ಆಗ ಭೀಮರಾಜ್ ಪುಟ್ಟರಾಜು ತಂದಿದ್ದ ಚೀಲಕ್ಕೆ ಕೈಹಾಕಿ ಫ್ಲ್ಯಾಶನ್ನು ಎತ್ತಿಕೊಂಡ. ಮದುವೆಯಿಂದ ಬಂದ ಮೇಲೆ ಯಾರೂ ಅದನ್ನು ಚೀಲದಿಂದ ತೆಗೆದಿರಲಿಲ್ಲ. ಅವನ ಹುಬ್ಬು ಗಂಟಾಯಿತು.

"ಮಾವ, ಕೊನೇದನ್ನ ಯಾವುದರಲ್ಲಿ ತೆಗೆದ್ರಿ?"

"ಎಂ."

"ಗುಂಡಿ ಟಿಟಿಎಲ್‌ನಲ್ಲಿದೆ!"

ಪುಟ್ಟರಾಜು ಇಸಿದುಕೊಂಡು ನೋಡಿದ. ಮಜ್ಜಿಗೆಯವನ ಮೊಣಕೈ ನೆನಪಾಯಿತು, ಕಿಟಕ್ ಎಂದದ್ದು ನೆನಪಾಯಿತು. ಅಥವಾ ಬಸ್ಸಿನಲ್ಲಿ ಚೀಲ ಅದುಮಿದಾಗ ಸರಿಯಿತೋ?

"ಟಿಟಿಎಲ್ ನಿಮ್ಮ ಕ್ಯಾಮೆರಾಗೆ ಆಗಲ್ಲ ಮಾವ. ಇದು ಬರಲೇಬಾರದು."

"ಬಂದೈತಲ್ಲೋ."

"ಬರಬಾರದು ಅಂತೀನಿ."

ಪುಟ್ಟರಾಜು ಯೋಚಿಸಿದ. ಸಾಕು ಎಂದು ಕ್ಯಾಮೆರಾ ಹೇಳಬೇಕು. ಈ ಹಳೆಯ ಕ್ಯಾಮೆರಾಗೆ ಬಾಯಿಲ್ಲ. ಎಲೆಯ ಮುಂದೆ ಕೂತವರು ಸಾಕು ಅನ್ನದಿದ್ದರೆ ಬಡಿಸುವವನು ಬಕೆಟ್ ಖಾಲಿಯಾಗುವವರೆಗೂ ಹುಯ್ಯುತ್ತಾನೆ. ಹಾಗೆ ಇದ್ದದ್ದನ್ನೆಲ್ಲ ಹುಯ್ದಿರಬಹುದು. ಹಾಗಾದರೆ ಅದಕ್ಕೂ ಎಂ‌ಗೂ ಏನು ವ್ಯತ್ಯಾಸ? ವ್ಯತ್ಯಾಸವಿಲ್ಲದಿದ್ದರೆ ಹಳೇಬೀಡಿನಲ್ಲಿ ನಾಲ್ಕು ಬೆರಳಿನದ್ದು ಒಂದು ಚೆನ್ನಾಗಿ, ಒಂದು ಸುಣ್ಣವಾಗಿ ಯಾಕೆ ಬಂತು? ಅವತ್ತು ದೂರ ಅಳೆಯದೆ ನಿಂತಿದ್ದೆನೋ? ಇಲ್ಲವೇ ಅದೂ ಸೊಳ್ಳೆ ಹೊಡೆದ ಕೈಯೋ? ಅವನು ಫ್ಲ್ಯಾಶನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ನೀವಿಬ್ಬರು ಹಿಂಗೇ ಕೂತಿರಿ" ಎಂದಳು ಮಂಜುಳಾ. ರುದ್ರಮ್ಮನ ಗೂಡಿನಿಂದ ಗಾಯಕ್ಕೆ ಅಂಟಿಸುವ ಪಟ್ಟಿಯ ಸುರುಳಿ ತಂದು, ಒಂದು ತುಂಡು ಹಲ್ಲಿನಿಂದ ಹರಿದು, ಗುಂಡಿ ಇದ್ದ ಜಾಗದಲ್ಲೇ ಅದರ ಮೇಲೆ ಗಟ್ಟಿಯಾಗಿ ಅಂಟಿಸಿದಳು. "ಯಾವ್ದೋ ಒಂದು. ಅತ್ತಿಗೆ ಮುಖ ಬಂದ ಕಡೆ ಇರ್ಲಿ. ದೂರ ಅಳ್ಯೋದು, ಅರ್ಧ ಗೆರೆ ತೆರ್ಯೋದು ನಿಮ್ಗೆ ಗೊತ್ತಲ್ಲ?"

ರುದ್ರಮ್ಮ ಕನ್ನಡಿಯ ಮುಂದೆ ನಿಂತು ಕೂದಲು ಸರಿಮಾಡಿಕೊಳ್ಳುತ್ತಿದ್ದಳು. "ಪುಟ್ಟ, ಕ್ಯಾಮೆರಾದಾಗೆ ಸುರುಳಿ ಐತಾ? ನಿಮ್ಮ ಭಾವನ ಜೊತೆ ಒಂದು ತೆಗಿ. ಈ ಗೋಡೇ ಮೇಲಿಂದು ಇಳಿಸ್ಬೇಕು."

"ಬಿಳಿ ಶರಟು ಹಾಕ್ಕಳ್ಳಾ?" ಎಂದ ಜವರಪ್ಪ.

"ನಿನ್ನ ಕೋಟೇ ಹಾಕ್ಕ!" ಎಂದರು ಮೂರು ಜನ ಒಟ್ಟಿಗೆ.

ಪುಟ್ಟರಾಜು ಹೆಜ್ಜೆ ಅಳೆದು ನಿಂತ. ಫ್ಲ್ಯಾಶಿನ ಸ್ವಿಚ್ಚು ಹಾಕಿದ. ಗುಂಯ್ ಎಂದು ಅದು ಘಾಟಿ ಹತ್ತತೊಡಗಿತು. ಗಂಡ ಹೆಂಡತಿ ಪಕ್ಕ ಪಕ್ಕ ಕೂತು, ಎಲ್ಲರೂ ಆ ಕೆಂಪು ದೀಪ ಬರುವುದನ್ನೇ ಕಾದರು.